ಜನರಲ್ ಮೋಟಾರ್ಸ್: ನಾಳೆಯ ತಲೆಗೆ ಕಟ್ಟಿದ ಖರ್ಚು

2009ರ ಜೂನ್ 1ರಂದು ಜನರಲ್ ಮೋಟಾರ್ಸ್, ಅಂದರೆ ಜಿಎಂ, ನ್ಯೂಯಾರ್ಕಿನ ದಿವಾಳಿ ನ್ಯಾಯಾಲಯದ ಮೆಟ್ಟಿಲೇರಿತು. ಆಗ ಅದರ ಬಳಿ ಇದ್ದ ಆಸ್ತಿ 8,230 ಕೋಟಿ ಡಾಲರ್, ತೀರಿಸಬೇಕಿದ್ದದ್ದು 17,280 ಕೋಟಿ ಡಾಲರ್. 1931ರಿಂದ 2007ರವರೆಗೆ ಜಗತ್ತಿನಲ್ಲಿ ಅತಿ ಹೆಚ್ಚು ವಾಹನ ಮಾರಿದ ಕಂಪನಿ ಅದೇ. ಹೀಗೇಕಾಯಿತು ಎಂದು ಕೇಳಿದರೆ ಸಾಮಾನ್ಯವಾಗಿ ಮೂರು ಉತ್ತರ ಸಿಗುತ್ತವೆ: ಜಪಾನಿನ ಕಾರುಗಳು ಬಂದವು, ಪೆಟ್ರೋಲ್ ತುಟ್ಟಿಯಾಯಿತು, 2008ರಲ್ಲಿ ಬ್ಯಾಂಕುಗಳು ಕುಸಿದವು. ಮೂರೂ ನಿಜವೇ. ಆದರೆ ಇದೇ ಕಷ್ಟ ಫೋರ್ಡ್‌ಗೂ ಬಂದಿತ್ತು. ಅದು 2006ರ ಕೊನೆಯಲ್ಲೇ ತನ್ನ ಆಸ್ತಿಯನ್ನೆಲ್ಲ ಅಡವಿಟ್ಟು 2,300 ಕೋಟಿ ಡಾಲರಿಗೂ ಹೆಚ್ಚು ಸಾಲ ಎತ್ತಿಟ್ಟುಕೊಂಡು ಹೇಗೋ ದಾಟಿಕೊಂಡಿತು.

ಜಿಎಂ ಚರಿತ್ರೆಯನ್ನು ಕಾರುಗಳ ಕಡೆಯಿಂದ ನೋಡುವುದಕ್ಕಿಂತ ಲೆಕ್ಕದ ಪುಸ್ತಕದ ಕಡೆಯಿಂದ ನೋಡಿದರೆ ಹೆಚ್ಚು ಅರ್ಥವಾಗುತ್ತದೆ. ಅಲ್ಲಿ ಒಂದೇ ಅಭ್ಯಾಸ ನೂರು ವರ್ಷ ಬೇರೆ ಬೇರೆ ವೇಷದಲ್ಲಿ ಬರುತ್ತದೆ: ಇವತ್ತು ಆದ ಖರ್ಚಿನ ಒಂದು ಭಾಗವನ್ನು ನಾಳೆಯ ತಲೆಗೆ ಕಟ್ಟುವುದು. ಮೊದಲು ಷೇರುಪತ್ರವಾಗಿ, ಆಮೇಲೆ ಪಿಂಚಣಿಯಾಗಿ, ಮುಂದೆ ಸರಿಯಾಗಿ ಪರೀಕ್ಷಿಸದ ಎಂಜಿನ್ನಾಗಿ, ಕೊನೆಗೆ ಬೆರಳ ತುದಿಯಲ್ಲಿ ಹಿಡಿಯಬಹುದಾದ ಒಂದು ಸ್ಪ್ರಿಂಗಾಗಿ.

ಕಾಗದ ಕೊಟ್ಟು ಕಂಪನಿ ಕೊಂಡವನು

ಕಂಪನಿ ಕಟ್ಟಿದ ವಿಲಿಯಂ ಡುರಾಂಟ್ ಮಿಷಿಗನ್ ರಾಜ್ಯದ ಫ್ಲಿಂಟ್ ಊರಿನಲ್ಲಿ ಕುದುರೆಗಾಡಿ ಮಾಡಿಸಿ ಮಾರುತ್ತಿದ್ದವನು. 1904ರಲ್ಲಿ ಮುಳುಗುತ್ತಿದ್ದ ಬ್ಯುಯಿಕ್ ಕಂಪನಿಯ ಆಡಳಿತ ಅವನ ಕೈಗೆ ಬಂತು. 1908ರ ಸೆಪ್ಟೆಂಬರ್ 16ರಂದು ನ್ಯೂಜೆರ್ಸಿಯಲ್ಲಿ ಜನರಲ್ ಮೋಟಾರ್ಸ್ ನೋಂದಣಿಯಾಯಿತು. ಎರಡೇ ವರ್ಷದಲ್ಲಿ ಓಲ್ಡ್ಸ್‌ಮೊಬೈಲ್, ಕ್ಯಾಡಿಲಾಕ್, ಓಕ್‌ಲ್ಯಾಂಡ್ ಮತ್ತು ಹತ್ತಾರು ಬಿಡಿಭಾಗದ ಕಂಪನಿಗಳು ಅದರೊಳಗೆ ಬಂದವು. ಡುರಾಂಟ್ ನಗದು ಕೊಟ್ಟದ್ದು ಕಡಿಮೆ, ಜಿಎಂ ಷೇರು ಕೊಟ್ಟದ್ದೇ ಹೆಚ್ಚು. ಹೀನಿ ಎಂಬ ದೀಪದ ಕಂಪನಿಗೆ ಸುಮಾರು 70 ಲಕ್ಷ ಡಾಲರ್ ಬೆಲೆ ಕಟ್ಟಿ, ಬಹುಪಾಲನ್ನು ಷೇರಿನಲ್ಲೇ ತೆತ್ತ. ಅವನು ನಂಬಿದ್ದ ಅದರ ಪೇಟೆಂಟ್ ಆಮೇಲೆ ನಿಲ್ಲಲೇ ಇಲ್ಲ. 1909ರಲ್ಲಿ ಹೆನ್ರಿ ಫೋರ್ಡ್ ತನ್ನ ಕಂಪನಿಯನ್ನು 80 ಲಕ್ಷ ಡಾಲರಿಗೆ ಮಾರಲು ಒಪ್ಪಿದ್ದ, ಆದರೆ ನಗದು ಬೇಕೆಂದ. ಬ್ಯಾಂಕುಗಳು ಅಷ್ಟು ಹಣ ಕೊಡಲಿಲ್ಲ.

1910ರಲ್ಲಿ ಮಾರಾಟ ಸ್ವಲ್ಪ ಇಳಿಯಿತು. ಕೂಲಿ ಕೊಡಲೂ ಕೈಯಲ್ಲಿ ಹಣವಿಲ್ಲ. ಬ್ಯಾಂಕುಗಳು 1.5 ಕೋಟಿ ಡಾಲರಿನ ಸಾಲಪತ್ರ ಬರೆಸಿಕೊಂಡು 1.275 ಕೋಟಿ ಕೊಟ್ಟು, ಡುರಾಂಟ್‌ನನ್ನು ಆಡಳಿತದಿಂದ ದೂರವಿಟ್ಟವು. ಅವನು ರೇಸ್ ಚಾಲಕ ಲೂಯಿ ಷೆವರ್ಲೆಯನ್ನು ಜೊತೆಗಿಟ್ಟುಕೊಂಡು 1911ರಲ್ಲಿ ಬೇರೆ ಕಂಪನಿ ತೆರೆದ. ಷೆವರ್ಲೆ ಚೆನ್ನಾಗಿ ಓಡಿತು. ಐದು ಷೆವರ್ಲೆ ಷೇರಿಗೆ ಒಂದು ಜಿಎಂ ಷೇರು ಎಂಬ ಲೆಕ್ಕದಲ್ಲಿ ಅದಲುಬದಲು ಮಾಡುತ್ತ, 1916ರಲ್ಲಿ ತನ್ನನ್ನು ಹೊರಹಾಕಿದ ಕಂಪನಿಗೇ ಅಧ್ಯಕ್ಷನಾಗಿ ಮರಳಿದ. ಸಣ್ಣ ಕಂಪನಿ ದೊಡ್ಡದನ್ನು ನುಂಗಿದ ಈ ವ್ಯವಹಾರವನ್ನು ವಾಣಿಜ್ಯ ವಿದ್ಯಾರ್ಥಿಗಳು ಇಂದಿಗೂ ಓದಬೇಕು, ಅನುಕರಿಸಬಾರದು.

ಎರಡನೇ ಬಾರಿಯೂ ಅವನು ಬಿದ್ದದ್ದು ಅದೇ ಜಾಗದಲ್ಲಿ. ಒಂದೊಂದು ವಿಭಾಗವೂ ತನಗೆ ತೋಚಿದಷ್ಟು ಉಕ್ಕು, ಟೈರು, ಬಿಡಿಭಾಗ ಕೊಂಡು ರಾಶಿ ಹಾಕುತ್ತಿತ್ತು, ಕೇಂದ್ರ ಕಚೇರಿಗೆ ಹಿಡಿತವಿರಲಿಲ್ಲ. 1920ರ ಅಕ್ಟೋಬರ್ ಹೊತ್ತಿಗೆ ದಾಸ್ತಾನು 20.9 ಕೋಟಿ ಡಾಲರ್, ನಿಗದಿ ಮಾಡಿದ್ದ ಮಿತಿ 15 ಕೋಟಿ. ಯುದ್ಧಾನಂತರದ ಮಂದಗತಿಯಲ್ಲಿ ಕಾರು ಕೊಳ್ಳುವವರು ಮಾಯವಾದರು. ಷೇರು ಬೆಲೆ ಬೀಳದಂತೆ ತಡೆಯಲು ಡುರಾಂಟ್ ಸಾಲ ಮಾಡಿ ಜಿಎಂ ಷೇರುಗಳನ್ನೇ ಕೊಳ್ಳುತ್ತ ಹೋದ. ಬೆಲೆ ನಿಲ್ಲಲಿಲ್ಲ, ಸಾಲ ಮಾತ್ರ ಉಳಿಯಿತು. ನವೆಂಬರ್ ಕೊನೆಗೆ ಅವನು ಹೊರಗೆ, ರಾಸಾಯನಿಕ ಉದ್ಯಮದ ಡ್ಯುಪಾಂಟ್ ಕುಟುಂಬ ಮತ್ತು ಮಾರ್ಗನ್ ಬ್ಯಾಂಕು ಒಳಗೆ.

ಸ್ಲೋನ್ ಇಟ್ಟ ಆರು ಮೆಟ್ಟಿಲು

1923ರಲ್ಲಿ ಅಧ್ಯಕ್ಷನಾದ ಆಲ್ಫ್ರೆಡ್ ಸ್ಲೋನ್ ಬೇರಿಂಗ್ ಮಾರುತ್ತಿದ್ದ ಎಂಜಿನಿಯರ್. 1921ರಲ್ಲಿ ಅಮೆರಿಕದ ಕಾರು ಮಾರುಕಟ್ಟೆಯ ಅರ್ಧಕ್ಕಿಂತ ಹೆಚ್ಚು ಫೋರ್ಡ್ ಕೈಯಲ್ಲಿತ್ತು, ಜಿಎಂಗೆ ಸಿಕ್ಕಿದ್ದು ನೂರಕ್ಕೆ ಹನ್ನೆರಡು. ಫೋರ್ಡ್‌ನ ಅಗ್ಗದ ಕಾರು ಮಾಡೆಲ್ ಟಿ ಬೆಲೆಗೆ ಎದುರಾಗಿ ಅಷ್ಟೇ ಅಗ್ಗದ ಕಾರು ತರುವುದು ಆತ್ಮಹತ್ಯೆಯೇ ಸರಿ. ಹಾಗಾಗಿ ಸ್ಲೋನ್ ಮತ್ತು ಸಂಗಡಿಗರು ಆ ವರ್ಷವೇ ಬೆಲೆಯ ಆರು ಮೆಟ್ಟಿಲು ಗುರುತಿಸಿದ್ದರು. ಕೆಳಗಿನದು 450ರಿಂದ 600 ಡಾಲರ್, ಮೇಲಿನದು 2,500ರಿಂದ 3,500. ಒಂದೊಂದು ಮೆಟ್ಟಿಲಿಗೂ ಒಂದೇ ಹೆಸರಿನ ಕಾರು. ಕಂಪನಿಯ ಎರಡು ಕಾರುಗಳು ಒಂದನ್ನೊಂದು ತಿನ್ನಬಾರದು.

ಜಾಣತನ ಇದ್ದದ್ದು ಕಾರನ್ನು ಮೆಟ್ಟಿಲಿನ ಯಾವ ತುದಿಯಲ್ಲಿ ಇಡಬೇಕು ಎಂಬುದರಲ್ಲಿ. ಪ್ರತಿ ಕಾರನ್ನೂ ಅದರ ಬೆಲೆಪಟ್ಟಿಯ ಮೇಲ್ತುದಿಯಲ್ಲಿ ಇಟ್ಟರು. ಆಗ ಕೆಳಗಿನ ಬೆಲೆಯ ಕಾರು ಕೊಳ್ಳಲು ಬಂದವನು ‘ಇನ್ನೊಂದಿಷ್ಟು ಹಾಕಿದರೆ ಇಷ್ಟು ಒಳ್ಳೆಯದು ಸಿಗುತ್ತದಲ್ಲ’ ಎಂದು ಮೇಲೆ ನೋಡುತ್ತಾನೆ. ಮೇಲಿನ ಬೆಲೆಯ ಕಾರಿಗೆ ಬಂದವನು ‘ಇದೇನೂ ಕಡಿಮೆಯಿಲ್ಲ, ಹಣ ಉಳಿಯುತ್ತದೆ’ ಎಂದು ಕೆಳಗೆ ನೋಡುತ್ತಾನೆ. ಷೆವರ್ಲೆ, ಪಾಂಟಿಯಾಕ್, ಓಲ್ಡ್ಸ್‌ಮೊಬೈಲ್, ಬ್ಯುಯಿಕ್, ಕ್ಯಾಡಿಲಾಕ್ ಎಂಬ ಏಣಿ ನಿಂತದ್ದು ಹೀಗೆ. 1926ರಲ್ಲಿ ಬಂದ ಪಾಂಟಿಯಾಕ್ ಒಳಗೆ ಷೆವರ್ಲೆಯ ಹಲವು ಭಾಗಗಳೇ ಇದ್ದವು, ಎಂಜಿನ್ ಮಾತ್ರ ಆರು ಸಿಲಿಂಡರಿನದು. ಗಿರಾಕಿಗೆ ಕಾಣುವುದು ಬೇರೆ, ಕಾಣದ್ದು ಒಂದೇ. ಈ ಉಪಾಯ ಐವತ್ತು ವರ್ಷ ದುಡಿದುಕೊಟ್ಟಿತು, ಆಮೇಲೆ ತಿರುಗಿ ಕಚ್ಚಿತು.

ಏಣಿ ಹತ್ತಲು ಹಣ ಬೇಕು. 1919ರಲ್ಲೇ ತೆರೆದಿದ್ದ ಜಿಎಂಎಸಿ ಎಂಬ ಸಾಲದ ಕಂಪನಿ ಬೆಲೆಯ ಮೂರನೇ ಒಂದು ಭಾಗದಷ್ಟು ಮುಂಗಡ ಪಡೆದು ಉಳಿದದ್ದನ್ನು ಕಂತಿಗೆ ಬಿಡುತ್ತಿತ್ತು. ಹೆನ್ರಿ ಫೋರ್ಡ್‌ಗೆ ಕಂತಿನ ವ್ಯಾಪಾರ ಅಂದರೆ ಅಸಹ್ಯ. ಅವನು 1923ರಲ್ಲಿ ತಂದದ್ದು ವಾರಕ್ಕೆ 5 ಡಾಲರ್ ಕೂಡಿಡುವ ಯೋಜನೆ, ಹಣ ಪೂರ್ತಿಯಾದ ಮೇಲೆ ಕಾರು. ಜನ ಇವತ್ತೇ ಕಾರು ಕೊಡುವವನ ಹತ್ತಿರ ಹೋದರು. ಡ್ಯುಪಾಂಟ್‌ನ ಡುಕೋ ಬಣ್ಣ ಬಂದ ಮೇಲೆ ವಾರಗಟ್ಟಲೆ ಒಣಗಿಸಬೇಕಿದ್ದ ಕೆಲಸ ಗಂಟೆಗಳಿಗೆ ಇಳಿದು, ಕಪ್ಪಲ್ಲದ ಕಾರೂ ಕೈಗೆಟುಕಿತು. ಪ್ರತಿ ವರ್ಷ ರೂಪ ಬದಲಿಸುವ ರೂಢಿಯೂ ಬಂತು. 1927ರಲ್ಲಿ ಫೋರ್ಡ್ ಮಾಡೆಲ್ ಟಿ ನಿಲ್ಲಿಸಿ ತಿಂಗಳುಗಟ್ಟಲೆ ಕಾರ್ಖಾನೆ ಮುಚ್ಚಿದಾಗ ಷೆವರ್ಲೆ ಮುಂದೆ ಹೋಗಿಯಾಗಿತ್ತು.

ಸ್ಲೋನ್ ಕಾಲದ ನಿಜವಾದ ಆವಿಷ್ಕಾರ ಮಾತ್ರ ಹತ್ತು ದಿನದ ವರದಿ. ಹತ್ತು ಹತ್ತು ದಿನಕ್ಕೊಮ್ಮೆ ಎಷ್ಟು ಕಾರು ಮಾರಿದೆ, ಅಂಗಳದಲ್ಲಿ ಎಷ್ಟು ನಿಂತಿವೆ ಎಂದು ಡೀಲರುಗಳು ಬರೆದು ಕಳಿಸಬೇಕು, ಉತ್ಪಾದನೆ ಅದರಂತೆ ಏರಿಳಿಯಬೇಕು. ಬೆಲೆ ಕಟ್ಟುವಾಗ ಕಾರ್ಖಾನೆ ಪೂರ್ತಿ ಓಡುತ್ತದೆ ಎಂದುಕೊಳ್ಳದೆ, ಸಾಮರ್ಥ್ಯದ ನೂರಕ್ಕೆ 80 ಭಾಗ ಓಡಿದರೂ ಬಂಡವಾಳಕ್ಕೆ ತಕ್ಕ ಲಾಭ ಬರುವಂತೆ ಲೆಕ್ಕ ಹಾಕುತ್ತಿದ್ದರು. 1930ರ ದಶಕದ ಮಹಾಕುಸಿತದಲ್ಲೂ ಜಿಎಂ ನಷ್ಟಕ್ಕೆ ಇಳಿಯದಿದ್ದದ್ದು ಇದರಿಂದ. ಮುಂದಿನ ತಲೆಮಾರು ಈ ಶಿಸ್ತಿನ ಅಂಕಿಗಳನ್ನು ಉಳಿಸಿಕೊಂಡಿತು, ಅದರ ಹಿಂದಿನ ಎಚ್ಚರವನ್ನು ಬಿಟ್ಟಿತು.

ಶಾಂತಿಗೆ ತೆತ್ತ ಬೆಲೆ

1936ರ ಡಿಸೆಂಬರ್ 30ರಂದು ಫ್ಲಿಂಟ್‌ನ ಫಿಶರ್ ಬಾಡಿ ಕಾರ್ಖಾನೆಯಲ್ಲಿ ಕಾರ್ಮಿಕರು ಕೆಲಸ ನಿಲ್ಲಿಸಿ ಒಳಗೇ ಕುಳಿತರು. ಕಾರಿನ ಮೈ ಒತ್ತುವ ಅಚ್ಚುಗಳು ಇದ್ದದ್ದು ಅಲ್ಲೇ. ಅದು ನಿಂತರೆ ಬೇರೆ ಊರಿನ ಜೋಡಣಾ ಕಾರ್ಖಾನೆಗಳೂ ನಿಲ್ಲುತ್ತವೆ. ಹೊರಗಿನಿಂದ ಬೇರೆ ಕೂಲಿಗಳನ್ನು ತರಲು ದಾರಿಯಿಲ್ಲ. 44 ದಿನದ ಮೇಲೆ ಜಿಎಂ ವಾಹನ ಕಾರ್ಮಿಕರ ಯುಎಡಬ್ಲ್ಯು ಯೂನಿಯನ್‌ಗೆ ಮಾನ್ಯತೆ ಕೊಟ್ಟಿತು.

ಎರಡನೇ ಮಹಾಯುದ್ಧ ಮುಗಿದ ಮೇಲೆ ಕಾರಿಗೆ ಬರ, ಕೊಳ್ಳುವವರು ಸಾಲುಗಟ್ಟಿದ್ದರು. ಮುಷ್ಕರದ ಒಂದೊಂದು ದಿನವೂ ಕಂಪನಿಗೆ ದುಬಾರಿ. 1950ರಲ್ಲಿ ಜಿಎಂನ ಚಾರ್ಲ್ಸ್ ವಿಲ್ಸನ್ ಮತ್ತು ಯೂನಿಯನ್ನಿನ ವಾಲ್ಟರ್ ರೂಥರ್ ಐದು ವರ್ಷದ ಒಪ್ಪಂದ ಮಾಡಿಕೊಂಡರು. ಬೆಲೆಯೇರಿಕೆಗೆ ತಕ್ಕ ಭತ್ಯೆ, ವರ್ಷವರ್ಷ ಕೂಲಿ ಏರಿಕೆ, ಆಸ್ಪತ್ರೆ ವಿಮೆಯ ಅರ್ಧ ಖರ್ಚು, ಸರ್ಕಾರದ ಸಾಮಾಜಿಕ ಭದ್ರತೆಯ ಹಣವೂ ಸೇರಿ ತಿಂಗಳಿಗೆ 125 ಡಾಲರ್ ಪಿಂಚಣಿ. ಪತ್ರಿಕೆಗಳು ಇದನ್ನು ಡೆಟ್ರಾಯಿಟ್ ಒಪ್ಪಂದ ಎಂದು ಕರೆದವು. ಕಂಪನಿಗೆ ಐದು ವರ್ಷದ ನೆಮ್ಮದಿ.

ಪಿಂಚಣಿ ಹೊರೆ ಒಂದೊಂದು ಕಂಪನಿಯ ಮೇಲೆ ಬೀಳಬಾರದು, ಎಲ್ಲ ಕಂಪನಿಗಳೂ ಸೇರಿ ಅಥವಾ ಸರ್ಕಾರವೇ ಹೊರಬೇಕು ಎಂದು ರೂಥರ್ ಮೊದಲು ವಾದಿಸಿದ್ದ. ಅದು ಸಮಾಜವಾದದ ವಾಸನೆ ಎಂದು ಉದ್ಯಮಿಗಳು ಮೂಗು ಮುರಿದರು. ಅವತ್ತು ಅವನ ಮಾತು ನಡೆದಿದ್ದರೆ 2009ರ ಅರ್ಜಿ ಬೇರೆಯೇ ಇರುತ್ತಿತ್ತು ಎಂಬುದು ನನ್ನ ಅಂದಾಜು.

ಇಂತಹ ಪಿಂಚಣಿ ನಡೆಯುವುದು ದುಡಿಯುವವರ ಸಂಖ್ಯೆ ನಿವೃತ್ತರಿಗಿಂತ ಎಷ್ಟೋ ಹೆಚ್ಚಿರುವವರೆಗೆ. 1962ರಲ್ಲಿ ಅಮೆರಿಕದಲ್ಲಿ ಜಿಎಂಗೆ 4.64 ಲಕ್ಷ ನೌಕರರಿದ್ದರು, ಪಿಂಚಣಿ ಪಡೆಯುವವರು ಸುಮಾರು 40 ಸಾವಿರ. 2000ದ ದಶಕದ ನಡುವೆ ನೌಕರರು 1.41 ಲಕ್ಷ, ನಿವೃತ್ತರು ಮತ್ತು ಅವರ ಅವಲಂಬಿತರು 4.53 ಲಕ್ಷ. ಮೂಗಿಗಿಂತ ಮೂಗುತಿ ಭಾರ. ಅದಕ್ಕಿಂತ ಕೆಟ್ಟದ್ದು ವೈದ್ಯಕೀಯ ಖರ್ಚಿನ ಲೆಕ್ಕ. ಪಿಂಚಣಿಗಾದರೂ ಒಂದು ನಿಧಿ ಇತ್ತು. ನಿವೃತ್ತರ ಆಸ್ಪತ್ರೆ ಬಿಲ್ಲನ್ನು ಬಂದ ವರ್ಷ ಕಟ್ಟಿದರಾಯಿತು ಎಂದು ಬಿಟ್ಟಿದ್ದರು, ಮುಂದೆ ಎಷ್ಟು ಬರಲಿದೆ ಎಂಬುದು ಪುಸ್ತಕದಲ್ಲೇ ಇರಲಿಲ್ಲ. 1992ರಲ್ಲಿ ಹೊಸ ಲೆಕ್ಕಪತ್ರ ನಿಯಮ ಅದನ್ನು ಬರೆಯಲೇಬೇಕೆಂದಿತು. ಆ ವರ್ಷ ಜಿಎಂ ತೋರಿಸಿದ ನಷ್ಟ 2,350 ಕೋಟಿ ಡಾಲರ್. ಅದರಲ್ಲಿ 2,000 ಕೋಟಿಗೂ ಹೆಚ್ಚು ಈ ಒಂದು ಸಾಲಿನಿಂದಲೇ ಬಂದದ್ದು. ಹೊಸದಾಗಿ ಹಣ ಕಳೆದುಹೋದದ್ದಲ್ಲ, ದಶಕಗಳಿಂದ ಮುಚ್ಚಿಟ್ಟದ್ದು ಬೆಳಕಿಗೆ ಬಂದದ್ದು.

ಎರಡು ಎಂಜಿನ್‌ಗಳು

1955ರಲ್ಲಿ ಒಂದು ವರ್ಷಕ್ಕೆ 100 ಕೋಟಿ ಡಾಲರ್ ಲಾಭ ದಾಟಿದ ಮೊದಲ ಅಮೆರಿಕನ್ ಕಂಪನಿ ಜಿಎಂ. 1962ರಲ್ಲಿ ಅಲ್ಲಿ ಮಾರಾಟವಾದ ಎರಡು ಕಾರಿಗೆ ಒಂದು ಅದರದ್ದೇ. ಆ ಎತ್ತರದಲ್ಲಿ ಕಂಪನಿಗಿದ್ದ ಭಯ ಪ್ರತಿಸ್ಪರ್ಧಿಗಳದಲ್ಲ, ಏಕಸ್ವಾಮ್ಯದ ಆರೋಪ ಹೊರಿಸಿ ಸರ್ಕಾರ ತನ್ನನ್ನು ಒಡೆದುಹಾಕೀತು ಎಂಬುದು. ಸಣ್ಣ ಕಾರಿನಲ್ಲಿ ಲಾಭ ಕಡಿಮೆ, ಆದ್ದರಿಂದ ಆಸಕ್ತಿಯೂ ಕಡಿಮೆ.

1971ರ ಮಾಡೆಲ್ ಆಗಿ ಬಂದ ಷೆವರ್ಲೆ ವೇಗಾ ಇದಕ್ಕೆ ಸಾಕ್ಷಿ. ಇದರ ಎಂಜಿನ್ ಬ್ಲಾಕ್ ನೂರಕ್ಕೆ ಸುಮಾರು 17 ಭಾಗ ಸಿಲಿಕಾನ್ ಇದ್ದ ಅಲ್ಯೂಮಿನಿಯಂನದು. ಸಾಮಾನ್ಯವಾಗಿ ಅಲ್ಯೂಮಿನಿಯಂ ಬ್ಲಾಕಿನೊಳಗೆ ಪಿಸ್ಟನ್ ಉಜ್ಜುವಲ್ಲಿ ಕಬ್ಬಿಣದ ಲೈನರ್ ಕೂರಿಸುತ್ತಾರೆ. ವೇಗಾದಲ್ಲಿ ಅದನ್ನು ಬಿಟ್ಟರು: ಸಿಲಿಂಡರಿನ ಒಳಮೈಯನ್ನು ರಾಸಾಯನಿಕದಿಂದ ತುಸು ಸವೆಸಿ ಗಟ್ಟಿ ಸಿಲಿಕಾನ್ ಕಣಗಳು ಮೇಲೆ ಕಾಣುವಂತೆ ಮಾಡಿ, ಕಬ್ಬಿಣ ಲೇಪಿಸಿದ ಪಿಸ್ಟನ್ ಅದರ ಮೇಲೆ ಓಡಲಿ ಎಂದರು. ವಿಚಾರ ಕೆಟ್ಟದ್ದಲ್ಲ, ಇದೇ ಬಗೆಯ ಮಿಶ್ರಲೋಹವನ್ನು ಆಮೇಲೆ ಯುರೋಪಿನ ಕಂಪನಿಗಳೂ ಬಳಸಿವೆ. ಕೆಟ್ಟದ್ದು ಉಳಿದ ಜೋಡಣೆ. ಅಲ್ಯೂಮಿನಿಯಂ ಬ್ಲಾಕಿನ ಮೇಲೆ ಎರಕದ ಕಬ್ಬಿಣದ ಹೆಡ್, ಅಂದರೆ ಸಿಲಿಂಡರುಗಳ ಮುಚ್ಚಳ. ಬಿಸಿಯಾದಾಗ ಎರಡೂ ಒಂದೇ ಪ್ರಮಾಣದಲ್ಲಿ ಹಿಗ್ಗುವುದಿಲ್ಲ, ನಡುವೆ ಸೋರಿಕೆ ತಡೆಯುವ ಗ್ಯಾಸ್ಕೆಟ್ ಸವೆಯುತ್ತದೆ. ರೇಡಿಯೇಟರ್ ಚಿಕ್ಕದು, ಉಕ್ಕಿದ ನೀರು ಮರಳಲು ಬೇರೆ ತೊಟ್ಟಿಯೂ ಇರಲಿಲ್ಲ. ನೀರು ಸ್ವಲ್ಪ ಕಡಿಮೆಯಾಗಿ ಎಂಜಿನ್ ಒಮ್ಮೆ ಕಾದರೆ ಸಾಕು, ಸಿಲಿಂಡರ್ ಆಕಾರ ಕೆಡುತ್ತದೆ, ಒಳಮೈ ಗೀರಾಗುತ್ತದೆ, ಎಣ್ಣೆ ಸುಡಲು ಶುರು. ಜೊತೆಗೆ ತುಕ್ಕು. ಮೈಯನ್ನು ತುಕ್ಕುನಿರೋಧಕ ದ್ರವದಲ್ಲಿ ಮುಳುಗಿಸುವಾಗ ಮುಂದಿನ ಮಡ್‌ಗಾರ್ಡ್ ಮೇಲ್ಭಾಗದಲ್ಲಿ ಗಾಳಿ ಸಿಕ್ಕಿಹಾಕಿಕೊಂಡು ಅಷ್ಟು ಜಾಗಕ್ಕೆ ಲೇಪ ಹತ್ತುತ್ತಲೇ ಇರಲಿಲ್ಲ. ಉಳಿತಾಯಕ್ಕೆಂದು ಮಡ್‌ಗಾರ್ಡಿನ ಒಳಹೊದಿಕೆಯನ್ನೂ ಕೈಬಿಟ್ಟಿದ್ದರು. ಉಪ್ಪು ಸುರಿಯುವ ಚಳಿಗಾಲದ ರಸ್ತೆಗಳಲ್ಲಿ ಕೆಲವೇ ವರ್ಷಕ್ಕೆ ತೂತು.

ಇದೇ ಕಾರನ್ನು ಸಾಗಿಸುವುದಕ್ಕೆ ಪಟ್ಟ ಶ್ರಮ ನೋಡಿದರೆ ಆಶ್ಚರ್ಯವಾಗುತ್ತದೆ. ಮೂತಿ ಕೆಳಗಾಗಿ ನೇತುಹಾಕಿ ಒಂದು ರೈಲು ವ್ಯಾಗನ್ನಿನಲ್ಲಿ 30 ಕಾರು ತುಂಬುತ್ತಿದ್ದರು. ಹಾಗೆ ನಿಂತರೂ ಎಣ್ಣೆ ಮೊದಲ ಸಿಲಿಂಡರಿಗೆ ಇಳಿಯದಂತೆ ಒಳಗೊಂದು ತಡೆ, ಆಸಿಡ್ ಚೆಲ್ಲದಂತೆ ಬ್ಯಾಟರಿಯ ಮುಚ್ಚಳಗಳು ಹಿಂಬದಿಗೆ. ಸಾಗಣೆಯಲ್ಲಿ ಉಳಿಯುವ ಹಣ ಅದೇ ತಿಂಗಳ ಲೆಕ್ಕದಲ್ಲಿ ಕಾಣುತ್ತದೆ, ತುಕ್ಕು ಹಿಡಿಯುವ ಮಡ್‌ಗಾರ್ಡ್ ಮೂರು ವರ್ಷ ಕಾಣುವುದಿಲ್ಲ. ಒಹಾಯೋದ ಲಾರ್ಡ್ಸ್‌ಟೌನ್ ಕಾರ್ಖಾನೆಯಲ್ಲಿ ಗಂಟೆಗೆ 100 ಕಾರು ಹೊರಬರಬೇಕೆಂದರೆ ಒಬ್ಬನಿಗೆ ಒಂದು ಕಾರಿನ ಮೇಲೆ ಸಿಗುವುದು 36 ಸೆಕೆಂಡು. 1972ರ ಮಾರ್ಚ್‌ನಲ್ಲಿ ಅಲ್ಲಿನ ಯುವ ಕಾರ್ಮಿಕರು 22 ದಿನ ಮುಷ್ಕರ ಹೂಡಿದ್ದು ಕೂಲಿಗಾಗಿ ಅಲ್ಲ, ಈ ವೇಗದ ವಿರುದ್ಧ.

ಇನ್ನೊಂದು 1978ರ ಓಲ್ಡ್ಸ್‌ಮೊಬೈಲ್ ಡೀಸೆಲ್, 5.7 ಲೀಟರಿನ ವಿ8. ಪೆಟ್ರೋಲ್ ಎಂಜಿನ್ನಿನ ವಿನ್ಯಾಸದಿಂದಲೇ ಇದನ್ನು ಬೆಳೆಸಿದರು, ಇದ್ದ ಯಂತ್ರಗಳಲ್ಲೇ ತಯಾರಿಸಬಹುದಲ್ಲ ಎಂದು. ಬ್ಲಾಕನ್ನು ಗಟ್ಟಿ ಮಾಡಿದರು ನಿಜ. ಆದರೆ ಸಿಲಿಂಡರಿನೊಳಗೆ ಗಾಳಿಯನ್ನು ಅದುಮುವ ಪ್ರಮಾಣ (ಕಂಪ್ರೆಶನ್) 22.5ಕ್ಕೆ ಏರಿದರೂ ಹೆಡ್ಡನ್ನು ಬ್ಲಾಕಿಗೆ ಬಿಗಿಯುವ ಬೋಲ್ಟುಗಳ ಸಂಖ್ಯೆ, ಜಾಗ ಬದಲಾಗಲಿಲ್ಲ: ಒಂದು ಹೆಡ್ಡಿಗೆ 10. ಬೋಲ್ಟ್ ಎಳೆತಕ್ಕೆ ಉದ್ದವಾಗುತ್ತದೆ, ಹೆಡ್ ಒಂದು ಕೂದಲೆಳೆ ಏಳುತ್ತದೆ, ಗ್ಯಾಸ್ಕೆಟ್ ಹೋಗುತ್ತದೆ, ಸಿಲಿಂಡರಿಗೆ ನೀರು ಇಳಿಯುತ್ತದೆ. ಪಿಸ್ಟನ್ ನೀರನ್ನು ಒತ್ತಲಾರದೆ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ಇದರ ಮೇಲೆ, ಡೀಸೆಲ್‌ನಲ್ಲಿ ಸೇರಿದ ನೀರನ್ನು ಬೇರ್ಪಡಿಸುವ ಫಿಲ್ಟರ್ ಇಡಲಿಲ್ಲ. ಇಂಜೆಕ್ಷನ್ ಪಂಪು ತುಕ್ಕು ಹಿಡಿಯಿತು. ನೀರು ಹೋಗಲೆಂದು ಮಾಲೀಕರು ಪೆಟ್ರೋಲ್ ಕಾರಿಗೆ ಮಾಡುವಂತೆ ಆಲ್ಕೋಹಾಲ್ ಸುರಿದರೆ ಪಂಪಿನ ಸೀಲುಗಳೇ ಹಾಳು. ಗ್ಯಾರೇಜಿನವರು ಹೊಸ ಗ್ಯಾಸ್ಕೆಟ್ ಹಾಕಿ ಹಳೆಯ, ಆಗಲೇ ಎಳೆದುಹೋದ ಬೋಲ್ಟುಗಳನ್ನೇ ಮತ್ತೆ ಬಿಗಿದರೆ ಅದೇ ತೊಂದರೆ ಮತ್ತೆ. ಅಮೆರಿಕದಲ್ಲಿ ಡೀಸೆಲ್ ಕಾರಿನ ಹೆಸರು ದಶಕಗಳ ಕಾಲ ಕೆಟ್ಟಿದ್ದರಲ್ಲಿ ಈ ಬೋಲ್ಟುಗಳ ಪಾಲು ದೊಡ್ಡದು.

ಅಷ್ಟರಲ್ಲಿ ಏಣಿಯೂ ಸಡಿಲವಾಗಿತ್ತು. 1977ರಲ್ಲಿ ಓಲ್ಡ್ಸ್‌ಮೊಬೈಲ್ ಕೊಂಡವರಿಗೆ ಒಳಗೆ ಷೆವರ್ಲೆ ಎಂಜಿನ್ ಇರುವುದು ತಿಳಿದು ಕೋರ್ಟಿಗೆ ಹೋದರು. 1982ರ ಕ್ಯಾಡಿಲಾಕ್ ಸಿಮರಾನ್ ಅಂದರೆ ಚರ್ಮದ ಸೀಟು ಹಾಕಿದ ಷೆವರ್ಲೆ ಕ್ಯಾವಲಿಯರ್ ಎಂಬುದು ದೂರದಿಂದಲೇ ತಿಳಿಯುತ್ತಿತ್ತು. ಕಾಣದ್ದು ಒಂದೇ, ಕಾಣುವುದು ಬೇರೆ ಎಂಬ ಸ್ಲೋನ್ ಸೂತ್ರದಲ್ಲಿ ಎರಡನೇ ಅರ್ಧವನ್ನು ಮರೆತಿದ್ದರು.

ಕಣ್ಣೆದುರೇ ಇದ್ದ ಪಾಠ

1982ರಲ್ಲಿ ಕ್ಯಾಲಿಫೋರ್ನಿಯಾದ ಫ್ರೀಮಾಂಟ್ ಕಾರ್ಖಾನೆಯನ್ನು ಜಿಎಂ ಮುಚ್ಚಿತ್ತು. ಅಲ್ಲಿ ಯಾವ ದಿನವಾದರೂ ಐದಕ್ಕೊಬ್ಬ ಗೈರು. 1984ರಲ್ಲಿ ಟೊಯೊಟಾ ಜೊತೆ ಸೇರಿ ಅದನ್ನೇ ನ್ಯೂಮಿ ಎಂಬ ಹೆಸರಲ್ಲಿ ತೆರೆದರು. ಬಹುಪಾಲು ಹಳೆಯ ಕಾರ್ಮಿಕರು, ಅದೇ ಯೂನಿಯನ್, ಆದರೆ ನಡೆಸುವವರು ಟೊಯೊಟಾದವರು. ದೋಷ ಕಂಡರೆ ಯಾವ ಕಾರ್ಮಿಕನಾದರೂ ಹಗ್ಗ ಎಳೆದು ಲೈನ್ ನಿಲ್ಲಿಸಬಹುದು. ಗೈರುಹಾಜರಿ ಪಾತಾಳಕ್ಕಿಳಿಯಿತು, ಗುಣಮಟ್ಟ ಜಪಾನಿನ ಕಾರ್ಖಾನೆಗಳ ಹತ್ತಿರ ಬಂತು.

ಹಾಗಾದರೆ ಉಳಿದ ಕಾರ್ಖಾನೆಗಳಿಗೆ ಇದು ಏಕೆ ಹಬ್ಬಲಿಲ್ಲ? ಹಗ್ಗ ಕಟ್ಟುವುದು ಸುಲಭ, ಎಳೆದಾಗ ಏನಾಗುತ್ತದೆ ಎಂಬುದು ಮುಖ್ಯ. ಬೇರೆಡೆ ಮ್ಯಾನೇಜರನ ಬೋನಸ್ಸು ನಿಂತಿದ್ದದ್ದು ದಿನಕ್ಕೆ ಎಷ್ಟು ಕಾರು ಹೊರಬಿತ್ತು ಎಂಬುದರ ಮೇಲೆ. ಲೈನ್ ನಿಲ್ಲಿಸಿದವನು ಅವನಿಗೆ ಶತ್ರು. ಬಾಗಿಲು ಸರಿಯಾಗಿ ಕೂರದಿದ್ದರೆ ವಿನ್ಯಾಸದವರನ್ನು ಕರೆದು ತಿದ್ದಿಸುವ ಅಧಿಕಾರ ಕಾರ್ಖಾನೆಗೆ ಇರಲಿಲ್ಲ. ಆಗಿನ ಅಧ್ಯಕ್ಷ ರೋಜರ್ ಸ್ಮಿತ್ ನಂಬಿದ್ದು ರೋಬಾಟುಗಳನ್ನು ಮತ್ತು ಕಂಪನಿ ಖರೀದಿಯನ್ನು: 1984ರಲ್ಲಿ 250 ಕೋಟಿ ಡಾಲರಿಗೆ ಇಡಿಎಸ್ ಎಂಬ ಕಂಪ್ಯೂಟರ್ ಸೇವೆಯ ಕಂಪನಿ, 1985ರಲ್ಲಿ ಸುಮಾರು 500 ಕೋಟಿಗೆ ಹ್ಯೂಸ್ ವಿಮಾನ ಕಂಪನಿ. ಫ್ರೀಮಾಂಟ್ ಕಾರ್ಖಾನೆಯಿಂದ ಜಿಎಂ 2009ರಲ್ಲಿ ಹೊರಬಂತು. ಮರುವರ್ಷ ಅದನ್ನು ಟೆಸ್ಲಾ ಕೊಂಡಿತು.

ಮಾಡದಿದ್ದರೂ ಖರ್ಚು, ಮಾಡಿದರೂ ನಷ್ಟ

2000ದ ದಶಕದ ಬಿಕ್ಕಟ್ಟನ್ನು ಅರ್ಥ ಮಾಡಿಕೊಳ್ಳಲು ಒಂದು ಸುತ್ತು ಗೊತ್ತಿದ್ದರೆ ಸಾಕು. ಯೂನಿಯನ್ ಜೊತೆಗಿನ ಒಪ್ಪಂದದ ಪ್ರಕಾರ ಕೆಲಸವಿಲ್ಲದೆ ಕೂತ ಕಾರ್ಮಿಕನಿಗೂ ಹೆಚ್ಚುಕಡಿಮೆ ಪೂರ್ತಿ ಕೂಲಿ ಕೊಡಬೇಕು. ಹಾಗಾಗಿ ಕಾರ್ಖಾನೆ ನಿಲ್ಲಿಸಿದರೆ ಉಳಿಯುವುದು ಕಡಿಮೆ. ನಿವೃತ್ತರ ಖರ್ಚಂತೂ ಇದ್ದೇ ಇದೆ. ವೈದ್ಯಕೀಯ ಖರ್ಚೊಂದೇ ಕಾರಿಗೆ ಸುಮಾರು 1,500 ಡಾಲರ್ ಬೀಳುತ್ತಿತ್ತು. ಆದ್ದರಿಂದ ಬೇಡಿಕೆ ಇರಲಿ ಬಿಡಲಿ, ಕಾರು ಮಾಡುವುದೇ ವಾಸಿ ಎನಿಸುತ್ತದೆ. ಮಾಡಿದ ಕಾರು ಖಾಲಿಯಾಗಲು ರಿಯಾಯಿತಿ, ಬಡ್ಡಿಯಿಲ್ಲದ ಸಾಲ, ಬಾಡಿಗೆ ಕಾರಿನ ಕಂಪನಿಗಳಿಗೆ ಸಗಟು ಮಾರಾಟ. ಒಂದೆರಡು ವರ್ಷಕ್ಕೆ ಆ ಬಾಡಿಗೆ ಕಾರುಗಳೆಲ್ಲ ಸೆಕೆಂಡ್‌ಹ್ಯಾಂಡ್ ಮಾರುಕಟ್ಟೆಗೆ ಬಂದು ಮರುಮಾರಾಟದ ಬೆಲೆ ಕುಸಿಯುತ್ತದೆ. ಮರುಮಾರಾಟ ಇಲ್ಲದ ಕಾರನ್ನು ಹೊಸದಾಗಿ ಕೊಳ್ಳುವವನು ಇನ್ನಷ್ಟು ರಿಯಾಯಿತಿ ಕೇಳುತ್ತಾನೆ. 2005ರಲ್ಲಿ ನೌಕರರಿಗೆ ಕೊಡುವ ದರವನ್ನೇ ಎಲ್ಲರಿಗೂ ಕೊಟ್ಟರು. ಕಾರು ಖಾಲಿಯಾಯಿತು, ಆ ವರ್ಷದ ನಷ್ಟ 1,000 ಕೋಟಿ ಡಾಲರ್ ದಾಟಿತು.

ಹೆಚ್ಚಾದ ಬ್ರ್ಯಾಂಡುಗಳನ್ನು ಮುಚ್ಚೋಣವೆಂದರೆ ಅದೂ ಅಗ್ಗವಲ್ಲ. ಡೀಲರುಗಳನ್ನು ರಕ್ಷಿಸುವ ಕಾನೂನು ಪ್ರತಿ ರಾಜ್ಯದಲ್ಲೂ ಇದೆ. ಓಲ್ಡ್ಸ್‌ಮೊಬೈಲ್ ನಿಲ್ಲಿಸಲು 100 ಕೋಟಿ ಡಾಲರಿಗೂ ಹೆಚ್ಚು ತೆರಬೇಕಾಯಿತು. ಲಾಭ ಬರುತ್ತಿದ್ದದ್ದು ಪಿಕಪ್ ಮತ್ತು ದೊಡ್ಡ ಎಸ್‌ಯುವಿಗಳಿಂದ, ಹೊರಗಿಂದ ಬರುವ ಪಿಕಪ್‌ಗಳ ಮೇಲೆ 1964ರಿಂದ ಇರುವ ನೂರಕ್ಕೆ 25ರ ಸುಂಕದ ನೆರಳಿನಲ್ಲಿ. 2008ರಲ್ಲಿ ಪೆಟ್ರೋಲ್ ಗ್ಯಾಲನ್ನಿಗೆ 4 ಡಾಲರ್ ದಾಟಿದಾಗ ಅದೂ ನಿಂತಿತು. 2003ರಲ್ಲಿ ಪಿಂಚಣಿ ನಿಧಿಯ ಕೊರತೆ ತುಂಬಲು ಜಿಎಂ ಸುಮಾರು 1,700 ಕೋಟಿ ಡಾಲರ್ ಬಾಂಡ್ ಮಾರಿತ್ತು. ನಿವೃತ್ತರ ಸಾಲ ತೀರಿಸಲು ಬಾಂಡುದಾರರ ಸಾಲ. ಹೊಣೆ ಒಂದು ಜೇಬಿನಿಂದ ಇನ್ನೊಂದಕ್ಕೆ ಹೋಯಿತು ಅಷ್ಟೇ.

2008ರ ಡಿಸೆಂಬರಿನಲ್ಲಿ ಬುಷ್ ಸರ್ಕಾರ 1,340 ಕೋಟಿ ಡಾಲರ್ ತುರ್ತು ಸಾಲ ಕೊಟ್ಟಿತು. ಒಬಾಮಾ ಸರ್ಕಾರ 2009ರ ಮಾರ್ಚ್‌ನಲ್ಲಿ ಮುಖ್ಯಸ್ಥ ರಿಕ್ ವ್ಯಾಗನರ್‌ನನ್ನು ಇಳಿಸಿತು, ಜೂನ್‌ನಲ್ಲಿ ದಿವಾಳಿ ಅರ್ಜಿ. ಮಾಮೂಲಿ ದಿವಾಳಿಯಲ್ಲಿ ಸಾಲ ಕೊಟ್ಟವರೆಲ್ಲ ಸೇರಿ ಯೋಜನೆಗೆ ಒಪ್ಪಲು ವರ್ಷಗಳೇ ಹಿಡಿಯುತ್ತವೆ. ಅಷ್ಟು ಕಾಲ ಕಾರು ಯಾರು ಕೊಳ್ಳುತ್ತಾರೆ? ಅದಕ್ಕೆ ದಿವಾಳಿ ಕಾಯ್ದೆಯ 363ನೇ ಕಲಂ ಬಳಸಿದರು. ಒಳ್ಳೆಯ ಕಾರ್ಖಾನೆ, ಷೆವರ್ಲೆ, ಬ್ಯುಯಿಕ್, ಕ್ಯಾಡಿಲಾಕ್, ಜಿಎಂಸಿ ಹೆಸರುಗಳು, ಬೇಕಾದ ಒಪ್ಪಂದಗಳು ಇವನ್ನೆಲ್ಲ ಸರ್ಕಾರದ ಹಣದಲ್ಲಿ ಹುಟ್ಟಿದ ಹೊಸ ಕಂಪನಿ ಕೊಂಡಿತು. ಮುಚ್ಚಿದ ಕಾರ್ಖಾನೆ, ಮಲಿನವಾದ ನೆಲ, ಹಳೆಯ ದಾವೆ, ಬಾಂಡುಗಳೆಲ್ಲ ಹಳೆಯ ಕಂಪನಿಯಲ್ಲೇ ಉಳಿದವು. ಅದರ ಹೆಸರು ಮೋಟಾರ್ಸ್ ಲಿಕ್ವಿಡೇಷನ್ ಎಂದಾಯಿತು. ಜುಲೈ 10ಕ್ಕೆ, ಅಂದರೆ 40ನೇ ದಿನಕ್ಕೆ, ಹೊಸ ಜಿಎಂ ಸಿದ್ಧ. ಷೇರಿನ ಪಾಲು ಹೀಗೆ: ಅಮೆರಿಕ ಸರ್ಕಾರಕ್ಕೆ ನೂರಕ್ಕೆ 60.8, ನಿವೃತ್ತರ ಆಸ್ಪತ್ರೆ ಖರ್ಚು ನೋಡಿಕೊಳ್ಳುವ ಯೂನಿಯನ್ನಿನ ಟ್ರಸ್ಟಿಗೆ 17.5, ಕೆನಡಾ ಮತ್ತು ಒಂಟಾರಿಯೋ ಸರ್ಕಾರಗಳಿಗೆ 11.7, ಸುಮಾರು 2,700 ಕೋಟಿ ಡಾಲರ್ ಬರಬೇಕಿದ್ದ ಬಾಂಡುದಾರರಿಗೆ 10. ಹಳೆಯ ಷೇರುದಾರರಿಗೆ ಸೊನ್ನೆ. ಪಾಂಟಿಯಾಕ್, ಸ್ಯಾಟರ್ನ್, ಹಮ್ಮರ್ ಮುಚ್ಚಿದವು, ಸಾಬ್ ಕೈಬದಲಾಯಿತು. ಸರ್ಕಾರ ಹಾಕಿದ 4,950 ಕೋಟಿಯಲ್ಲಿ ಸುಮಾರು 1,100 ಕೋಟಿ ಡಾಲರ್ ವಾಪಸಾಗಲಿಲ್ಲ.

ಸ್ಪ್ರಿಂಗ್

ಸಾಲ ಹೋಯಿತು, ಅಭ್ಯಾಸ ಹೋಗಿರಲಿಲ್ಲ ಎಂಬುದು ತಿಳಿದದ್ದು 2014ರಲ್ಲಿ. ಷೆವರ್ಲೆ ಕೋಬಾಲ್ಟ್, ಸ್ಯಾಟರ್ನ್ ಅಯಾನ್ ಮುಂತಾದ ಕಾರುಗಳ ಇಗ್ನಿಷನ್ ಸ್ವಿಚ್ಚಿನೊಳಗೆ ಒಂದು ಪುಟ್ಟ ಪಿನ್ ಇದೆ. ಸ್ಪ್ರಿಂಗ್ ಅದನ್ನು ಒತ್ತಿ ಹಿಡಿಯುವುದರಿಂದ ಕೀಲಿ ‘ಆನ್’ ಜಾಗದಲ್ಲಿ ನಿಲ್ಲುತ್ತದೆ. ಕೀಲಿ ತಿರುಗಲು ಕನಿಷ್ಠ 15 ನ್ಯೂಟನ್-ಸೆಂಟಿಮೀಟರ್ ತಿರುಚುಬಲ (ಟಾರ್ಕ್) ಬೇಕು ಎಂಬುದು ಜಿಎಂ ಬರೆದ ಅಳತೆ. ಬಂದ ಸ್ವಿಚ್ಚು ಅದಕ್ಕಿಂತ ತೀರಾ ಸಡಿಲವಾಗಿತ್ತು, 2002ರಲ್ಲಿ ಅದನ್ನೇ ಒಪ್ಪಿಕೊಂಡರು. ಗೊಂಚಲು ಭಾರವಿದ್ದರೆ, ಮೊಣಕಾಲು ತಾಗಿದರೆ, ಗುಂಡಿಗೆ ಇಳಿದರೆ ಕೀಲಿ ತಾನೇ ಹಿಂದಕ್ಕೆ ತಿರುಗುತ್ತದೆ. ಎಂಜಿನ್ ನಿಲ್ಲುತ್ತದೆ, ಸ್ಟೀರಿಂಗ್ ಮತ್ತು ಬ್ರೇಕಿಗೆ ಸಿಗುತ್ತಿದ್ದ ನೆರವು ಹೋಗುತ್ತದೆ, ಏರ್‌ಬ್ಯಾಗ್ ನಿಯಂತ್ರಕಕ್ಕೂ ವಿದ್ಯುತ್ ಇಲ್ಲ. ಡಿಕ್ಕಿಯಾದರೆ ಏರ್‌ಬ್ಯಾಗ್ ತೆರೆಯುವುದಿಲ್ಲ.

2005ರಲ್ಲೇ ದೂರುಗಳಿದ್ದವು. ಓಡುವಾಗ ಎಂಜಿನ್ ನಿಲ್ಲುವುದನ್ನು ಸುರಕ್ಷತೆಯ ಪ್ರಶ್ನೆ ಎನ್ನದೆ ಗಿರಾಕಿಯ ಅನುಕೂಲದ ಪ್ರಶ್ನೆ ಎಂದು ವಿಂಗಡಿಸಿದ್ದರಿಂದ ಖರ್ಚು-ಲಾಭ ತೂಗಲು ದಾರಿಯಾಯಿತು. ಬದಲಿಸಬೇಕಿದ್ದ ಭಾಗದ ಬೆಲೆ ಒಂದು ಡಾಲರಿಗೂ ಕಡಿಮೆ. ಡೀಲರುಗಳಿಗೆ ಹೋದ ಸೂಚನೆ: ಬೇಡದ ಕೀಲಿಗಳನ್ನು ಗೊಂಚಲಿನಿಂದ ತೆಗೆಯಲು ಹೇಳಿ. 2006ರಲ್ಲಿ ಉದ್ದದ ಪಿನ್, ಗಟ್ಟಿ ಸ್ಪ್ರಿಂಗ್ ಬಂತು, ಆದರೆ ಭಾಗದ ಸಂಖ್ಯೆ ಬದಲಾಗಲಿಲ್ಲ. ಯಾವುದೇ ಕಾರ್ಖಾನೆಯಲ್ಲಿ ಭಾಗದ ಅಳತೆ ಬದಲಾದರೆ ಸಂಖ್ಯೆ ಬದಲಾಗಲೇಬೇಕು, ಇದು ಮೊದಲ ಪಾಠ. ಸಂಖ್ಯೆ ಅದೇ ಇದ್ದದ್ದರಿಂದ ಹಳೆಯ ಕಾರುಗಳಲ್ಲಷ್ಟೇ ಅಪಘಾತ ಏಕೆ ಎಂಬುದು ಕಂಪನಿಯ ತನಿಖೆಗಾರರಿಗೇ ವರ್ಷಗಟ್ಟಲೆ ಹೊಳೆಯಲಿಲ್ಲ. ಸಾವಿನ ಒಂದು ದಾವೆಯಲ್ಲಿ ಹೊರಗಿನ ಎಂಜಿನಿಯರ್ ಎರಡು ಸ್ವಿಚ್ಚು ಬಿಚ್ಚಿ ಪಕ್ಕಪಕ್ಕ ಇಟ್ಟಾಗ ಗುಟ್ಟು ಬಯಲಾಯಿತು. ಈ ಸ್ವಿಚ್ಚಿಗಾಗಿ ಸುಮಾರು 26 ಲಕ್ಷ ಕಾರು ವಾಪಸ್ ಕರೆದರು; ಪರಿಹಾರ ನಿಧಿ 124 ಸಾವುಗಳನ್ನು ಒಪ್ಪಿತು. 2015ರಲ್ಲಿ ಸರ್ಕಾರಕ್ಕೆ 90 ಕೋಟಿ ಡಾಲರ್ ದಂಡ. ಹಳೆಯ ಕಂಪನಿಯ ಹೊಣೆ ತನಗಿಲ್ಲ ಎಂದು 2009ರ ಆದೇಶ ತೋರಿಸಿ ತಪ್ಪಿಸಿಕೊಳ್ಳಲು ನೋಡಿದಾಗ, ದೋಷ ಗೊತ್ತಿದ್ದೂ ಮಾಲೀಕರಿಗೆ ತಿಳಿಸಿರಲಿಲ್ಲವಾದ್ದರಿಂದ ಆ ರಕ್ಷಣೆ ಅವರ ಮೇಲೆ ನಡೆಯದು ಎಂದು 2016ರಲ್ಲಿ ಮೇಲ್ಮನವಿ ನ್ಯಾಯಾಲಯ ತೀರ್ಪಿತ್ತಿತು.

ಚಿಕ್ಕದಾಗುವ ವಿದ್ಯೆ

2014ರ ಜನವರಿಯಲ್ಲಿ ಮುಖ್ಯಸ್ಥೆಯಾದ ಮೇರಿ ಬಾರಾ ಮಾಡಿದ ದೊಡ್ಡ ಕೆಲಸ, ಲಾಭವಿಲ್ಲದ ಕಡೆಯಿಂದ ಹೊರನಡೆಯುವುದು. 2017ರಲ್ಲಿ ಯುರೋಪಿನ ಓಪೆಲ್ ಮಾರಿದರು. ಅದೇ ವರ್ಷದ ಕೊನೆಗೆ ಭಾರತದಲ್ಲೂ ಮಾರಾಟ ನಿಂತಿತು. 1928ರಲ್ಲೇ ಮುಂಬಯಿಯ ಶಿವಡಿಯಲ್ಲಿ ಕಾರು ಜೋಡಿಸಿದ್ದ ಕಂಪನಿ ಇದು. ನಮ್ಮ ಕಡೆಯ ಟ್ಯಾಕ್ಸಿಯವರಿಗೆ ಚಿರಪರಿಚಿತವಾದ ಟವೇರಾದ ಹೊಗೆ ಪರೀಕ್ಷೆಯಲ್ಲಿ ನೌಕರರೇ ಮೋಸ ಮಾಡಿದ್ದು 2013ರಲ್ಲಿ ಹೊರಬಂದು 1.14 ಲಕ್ಷ ಗಾಡಿಗಳನ್ನು ವಾಪಸ್ ಕರೆದಿದ್ದರು. ಗುಜರಾತಿನ ಹಾಲೋಲ್ ಕಾರ್ಖಾನೆ ಎಂಜಿ ಕಾರು ಕಂಪನಿಗೆ ಹೋಯಿತು, ಮಹಾರಾಷ್ಟ್ರದ ತಳೆಗಾಂವ್ ಹುಂಡೈಗೆ. ಉಳಿದದ್ದು 2003ರಲ್ಲಿ ತೆರೆದ ಬೆಂಗಳೂರಿನ ತಾಂತ್ರಿಕ ಕೇಂದ್ರ. ಇಲ್ಲಿ ಕಾರು ಮಾರುವುದಿಲ್ಲ, ಕಾರಿಗೆ ಬೇಕಾದ ಎಂಜಿನಿಯರಿಂಗ್ ನಡೆಯುತ್ತದೆ.

ಹೊಸ ದಾರಿಗಳೂ ಸಲೀಸಾಗಿಲ್ಲ. ಷೆವರ್ಲೆ ಬೋಲ್ಟ್ ವಿದ್ಯುತ್ ಕಾರಿನ ಬ್ಯಾಟರಿ ಕೋಶದಲ್ಲಿ ಹರಿದ ಆನೋಡ್ ಪಟ್ಟಿ ಮತ್ತು ಮಡಚಿದ ಪ್ರತ್ಯೇಕಕ (ಎರಡು ಧ್ರುವಗಳು ಒಂದಕ್ಕೊಂದು ತಾಗದಂತೆ ತಡೆಯುವ ಹಾಳೆ) ಎರಡೂ ಒಟ್ಟಿಗೆ ಬಂದರೆ ಬೆಂಕಿ. 2021ರ ಹೊತ್ತಿಗೆ ಮಾರಿದ ಬೋಲ್ಟ್‌ಗಳನ್ನೆಲ್ಲ, ಸುಮಾರು 1.4 ಲಕ್ಷ, ವಾಪಸ್ ಕರೆಯಬೇಕಾಯಿತು. ಖರ್ಚಿನ ಬಹುಪಾಲು ಕೋಶ ಕೊಟ್ಟ ಎಲ್‌ಜಿ ಮೇಲೆ ಬಿತ್ತು. ಚಾಲಕನಿಲ್ಲದ ಟ್ಯಾಕ್ಸಿಯ ಕ್ರೂಸ್ ಯೋಜನೆಗೆ 1,000 ಕೋಟಿ ಡಾಲರಿಗೂ ಹೆಚ್ಚು ಸುರಿದು 2024ರ ಡಿಸೆಂಬರಿನಲ್ಲಿ ಕೈಬಿಟ್ಟರು. ಒಮ್ಮೆ ಅಮೆರಿಕಕ್ಕಿಂತ ಹೆಚ್ಚು ಮಾರಾಟವಿದ್ದ ಚೀನಾದಲ್ಲಿ ಸ್ಥಳೀಯ ವಿದ್ಯುತ್ ಕಾರುಗಳೆದುರು ಸೋತು, ಅದೇ ತಿಂಗಳು 500 ಕೋಟಿ ಡಾಲರಿಗೂ ಹೆಚ್ಚು ಹೊಡೆತ ಬರೆದುಕೊಂಡರು. ಅಮೆರಿಕದಲ್ಲಿ ಈಗ ಜಿಎಂ ಪಾಲು ನೂರಕ್ಕೆ ಹದಿನೇಳರ ಸುತ್ತ. ಪಿಕಪ್‌ಗಳಿಂದ ಒಳ್ಳೆಯ ಲಾಭವಿದೆ.

ಪಿಂಚಣಿಯ ವಿಷಯದಲ್ಲಿ ಮಾತ್ರ ಕಂಪನಿ ಕಲಿತದ್ದನ್ನು ಮರೆತಿಲ್ಲ. 2012ರಲ್ಲಿ ಸಂಬಳದ ನೌಕರರ ಸುಮಾರು 2,600 ಕೋಟಿ ಡಾಲರ್ ಪಿಂಚಣಿ ಹೊಣೆಯನ್ನು ಇಳಿಸಿಕೊಂಡಿತು: ಒಂದಷ್ಟು ಜನರಿಗೆ ಇಡಿಗಂಟು, ಉಳಿದವರು ಪ್ರುಡೆನ್ಷಿಯಲ್ ವಿಮಾ ಕಂಪನಿಗೆ. 2023ರ ಮುಷ್ಕರದಲ್ಲಿ ಯೂನಿಯನ್ ನಾಲ್ಕೂವರೆ ವರ್ಷಕ್ಕೆ ನೂರಕ್ಕೆ 25 ಕೂಲಿ ಏರಿಕೆ ಗಳಿಸಿತು, 2009ರಲ್ಲಿ ಬಿಟ್ಟುಕೊಟ್ಟಿದ್ದ ಬೆಲೆಯೇರಿಕೆ ಭತ್ಯೆಯನ್ನು ಮರಳಿ ಪಡೆಯಿತು, ನಿವೃತ್ತಿ ಉಳಿತಾಯ ಖಾತೆಗೆ ಕಂಪನಿ ಹಾಕುವ ಪಾಲು ಕೂಲಿಯ ನೂರಕ್ಕೆ 10ಕ್ಕೆ ಏರಿತು. 2007ರ ನಂತರ ಸೇರಿದವರಿಗೂ ತಿಂಗಳ ಪಿಂಚಣಿ ಬೇಕೆಂಬ ಬೇಡಿಕೆಗೆ ಮಾತ್ರ ಜಿಎಂ ಒಪ್ಪಲಿಲ್ಲ.